ಜಪಾನಿನಲ್ಲಿ ಅಂಚೆ: ಮೊದಲು ಡಬ್ಬಿಗೆ ಹೆಸರು ಅಂಟಿಸಿ

ಜಪಾನಿಗೆ ಕೆಲಸಕ್ಕೋ ಓದುವುದಕ್ಕೋ ಹೊರಟವರು ವೀಸಾ, ಬಾಡಿಗೆ ಮನೆ, ಸಿಮ್ ಕಾರ್ಡ್ ಬಗ್ಗೆ ಸಿಕ್ಕಿದವರನ್ನೆಲ್ಲ ಕೇಳುತ್ತಾರೆ. ಪೋಸ್ಟ್ ಆಫೀಸಿನ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ಅಲ್ಲಿ ಬ್ಯಾಂಕಿನ ಎಟಿಎಂ ಕಾರ್ಡು, ಕ್ರೆಡಿಟ್ ಕಾರ್ಡು, ನಮ್ಮ ಆಧಾರ್ ತರಹದ ಮೈ ನಂಬರ್ ಪತ್ರ, ವಿಮೆಯ ಕಾಗದ, ತೆರಿಗೆ ನೋಟಿಸು ಎಲ್ಲ ಬರುವುದು ಅಂಚೆಯಲ್ಲೇ. ಇದರಲ್ಲಿ ಒಂದು ವಾಪಸ್ ಹೋದರೂ ಮುಂದಿನ ಕೆಲಸಗಳೆಲ್ಲ ನಿಲ್ಲುತ್ತವೆ. ಹಾಗಾಗಿ ಇದನ್ನು ಮನೆ ಸೇರಿದ ವಾರದಲ್ಲೇ ಸರಿ ಮಾಡಿಕೊಳ್ಳಿ.

ಹೆಸರು ಮತ್ತು ವಿಳಾಸ

ಮನೆ ಸೇರಿದ 14 ದಿನದೊಳಗೆ ಆ ಊರಿನ ನಗರ ಕಚೇರಿಗೋ ವಾರ್ಡ್ ಕಚೇರಿಗೋ ಹೋಗಿ ವಿಳಾಸ ನೋಂದಾಯಿಸಲೇಬೇಕು, ಅದು ಕಾನೂನು. ಅಲ್ಲಿ ನಿಮ್ಮ ರೆಸಿಡೆನ್ಸ್ ಕಾರ್ಡಿನ, ಅಂದರೆ ವಿದೇಶಿಯರಿಗೆ ಕೊಡುವ ಗುರುತಿನ ಚೀಟಿಯ ಮೇಲೆ ವಿಳಾಸ ಬರೆದು ಕೊಡುತ್ತಾರೆ. ಆ ಜಪಾನಿ ಅಕ್ಷರದ ವಿಳಾಸವನ್ನು ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಎಲ್ಲ ಫಾರಂಗೂ ಅದನ್ನೇ ನೋಡಿ ಬರೆಯಿರಿ. ಬಿಲ್ಡಿಂಗಿನ ಹೆಸರು, ಮನೆ ನಂಬರ್ ಬಿಡಬೇಡಿ. ಪಿನ್‌ಕೋಡ್ ಅಲ್ಲಿ 7 ಅಂಕಿಯದು, ಮೊದಲು ಮೂರು, ಆಮೇಲೆ ನಾಲ್ಕು. ಭಾರತೀಯರು ಜಾಸ್ತಿ ಇರುವ ಟೋಕಿಯೋದ ನಿಶಿ ಕಸಾಯಿಗೆ 134-0088 ಇದ್ದ ಹಾಗೆ.

ಇಷ್ಟು ಮಾಡಿದರೆ ಪತ್ರ ಬಂದೇ ಬರುತ್ತದೆ ಅಂದುಕೊಳ್ಳಬೇಡಿ. ಜಪಾನಿನ ಪೋಸ್ಟ್‌ಮ್ಯಾನ್ ವಿಳಾಸದ ಜೊತೆ ಹೆಸರನ್ನೂ ನೋಡುತ್ತಾರೆ. ಈ ಮನೆಯಲ್ಲಿ ಈ ಹೆಸರಿನವರು ಇದ್ದಾರೆ ಅಂತ ಗೊತ್ತಾಗದಿದ್ದರೆ ಪತ್ರ ಕಳಿಸಿದವರಿಗೇ ವಾಪಸ್ ಹೋಗಬಹುದು. ಕನ್ನಡಿಗರಿಗೆ ತೊಂದರೆ ಬರುವುದೇ ಇಲ್ಲಿ. ನಮ್ಮ ಹೆಸರುಗಳಲ್ಲಿ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದು ಊರಿನ ಹೆಸರು, ಅಪ್ಪನ ಹೆಸರು ಅಂತ ಬಿಚ್ಚಿಕೊಂಡು ಉದ್ದವಾಗುತ್ತದೆ, ಕೆಲವರಿಗೆ ಸರ್‌ನೇಮ್ ಜಾಗವೇ ಖಾಲಿ, ಗಂಡ ಹೆಂಡತಿಗೆ ಬೇರೆ ಬೇರೆ ಕೊನೆಹೆಸರು, ಆಫೀಸಿನಲ್ಲಿ ಕರೆಯುವುದು ಇನ್ನೊಂದು. ಒಂದು ಮನೆಗೆ ಒಂದು ಕುಟುಂಬದ ಹೆಸರು ಅನ್ನುವುದು ಅಲ್ಲಿನ ರೂಢಿ. ನಾಲ್ಕು ಜನರ ಮನೆಗೆ ನಾಲ್ಕು ತರಹದ ಹೆಸರಿನಲ್ಲಿ ಪತ್ರ ಬಂದರೆ ಪೋಸ್ಟ್‌ಮ್ಯಾನ್ ಏನು ಮಾಡಬೇಕು ಹೇಳಿ?

ಅದಕ್ಕೆ ಸುಲಭದ ದಾರಿ ಇದೆ. ಮನೆಯಲ್ಲಿರುವ ಎಲ್ಲರ ಹೆಸರನ್ನೂ ರೆಸಿಡೆನ್ಸ್ ಕಾರ್ಡಿನಲ್ಲಿ ಇದ್ದ ಹಾಗೆ ಇಂಗ್ಲಿಷಿನಲ್ಲಿ, ಕೆಳಗೆ ಜಪಾನಿ ಕತಕಾನಾ ಲಿಪಿಯಲ್ಲಿ ಒಂದು ಚೀಟಿಯಲ್ಲಿ ಬರೆದು, ಬಿಲ್ಡಿಂಗಿನ ಕೆಳಗಿರುವ ನಿಮ್ಮ ಅಂಚೆ ಡಬ್ಬಿಗೂ ಮನೆ ಬಾಗಿಲಿಗೂ ಅಂಟಿಸಿ. ಹೆಂಡತಿ, ಮಕ್ಕಳ ಹೆಸರೂ ಇರಲಿ. ಕತಕಾನಾದಲ್ಲಿ ಹೆಸರು ಹೇಗೆ ಬರೆಯಬೇಕು ಅಂತ ಒಮ್ಮೆ ತೀರ್ಮಾನ ಮಾಡಿ, ಬ್ಯಾಂಕು, ಮೊಬೈಲು, ಆಫೀಸು, ಎಲ್ಲ ಕಡೆ ಅದೇ ಕಾಗುಣಿತ ಕೊಡಿ. ಅಪ್ಪ ಅಮ್ಮ ಕೆಲವು ತಿಂಗಳು ಬಂದು ಇರುತ್ತಾರೆ, ಅವರ ಹೆಸರಿಗೆ ಏನೋ ತರಿಸಬೇಕು ಅಂದರೆ ವಿಳಾಸದಲ್ಲಿ ಮೊದಲು ನಿಮ್ಮ ಹೆಸರು ಹಾಕಿ, ಅದರ ಮುಂದೆ ‘ಸಾಮಾ ಕಾತಾ’ ಅಂತ ಸೇರಿಸಿ ಆಮೇಲೆ ಅವರ ಹೆಸರು ಬರೆಯಬೇಕು. ಇಂಥವರ ಮನೆಯಲ್ಲಿ ಇರುವವರು ಅಂತ ಅದರ ಅರ್ಥ.

ಮನೆಯಲ್ಲಿ ಇಲ್ಲದಾಗ ಬಂದ ಪಾರ್ಸೆಲ್

ಸಹಿ ಬೇಕಾದ ಪತ್ರ ಅಥವಾ ಪಾರ್ಸೆಲ್ ಬಂದಾಗ ನೀವು ಇಲ್ಲದಿದ್ದರೆ ಡಬ್ಬಿಯಲ್ಲಿ ಒಂದು ಚೀಟಿ ಬಿದ್ದಿರುತ್ತದೆ. ಜಾಹೀರಾತಿನ ಕಾಗದಗಳ ಜೊತೆ ಅದನ್ನೂ ಎಸೆದುಬಿಡಬೇಡಿ. ಅದರಲ್ಲಿ ಟ್ರ್ಯಾಕಿಂಗ್ ನಂಬರ್, ಕ್ಯೂಆರ್ ಕೋಡ್, ಎಷ್ಟನೇ ತಾರೀಕಿನ ತನಕ ಇಟ್ಟಿರುತ್ತಾರೆ ಅನ್ನುವುದು ಎಲ್ಲ ಇರುತ್ತದೆ. ಸಾಮಾನ್ಯವಾಗಿ 7 ದಿನ ಇಡುತ್ತಾರೆ, ಆಮೇಲೆ ವಾಪಸ್. ಮತ್ತೆ ತಂದುಕೊಡಿ ಅಂತ ಕೇಳುವುದಕ್ಕೆ ‘ಸಾಯಿಹಾಯಿತಾತ್ಸು’ ಅನ್ನುತ್ತಾರೆ. ಕೋಡ್ ಸ್ಕ್ಯಾನ್ ಮಾಡಿ ದಿನ, ಹೊತ್ತು ಆರಿಸಿದರೆ ಸಾಕು, ದುಡ್ಡು ಕೊಡಬೇಕಿಲ್ಲ. ಇಂಗ್ಲಿಷ್ ವೆಬ್‌ಸೈಟ್ ಇದೆ, ಇಂಗ್ಲಿಷಿನಲ್ಲಿ ಮಾತಾಡುವ ಫೋನ್ ಸೇವೆಯೂ ಇದೆ. ಆಫೀಸಿನಿಂದ ತಡವಾಗಿ ಬರುವವರು ರಾತ್ರಿ ಹೊತ್ತನ್ನು ಆರಿಸಿಕೊಳ್ಳಬಹುದು. ಹೇಳಿದ ಹೊತ್ತಿಗೆ ಬರುತ್ತಾರೆ, ಅವರನ್ನು ಕಾಯಿಸಬೇಡಿ.

ನೀವೇ ಹೋಗಿ ತರುವುದಾದರೆ ಚೀಟಿ ಮತ್ತು ರೆಸಿಡೆನ್ಸ್ ಕಾರ್ಡು ಎರಡೂ ಬೇಕು. ಕೌಂಟರ್ ಸಾಮಾನ್ಯವಾಗಿ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ. ದೊಡ್ಡ ಕಚೇರಿಗಳಲ್ಲಿ ‘ಯೂಯೂ’ ಅನ್ನುವ ಕಿಟಕಿ ಇರುತ್ತದೆ, ಅದು ಶನಿವಾರ ಭಾನುವಾರವೂ ತೆಗೆದಿರುತ್ತದೆ. ಕ್ರೆಡಿಟ್ ಕಾರ್ಡಿನಂಥವು ಕೆಲವೊಮ್ಮೆ ಹೆಸರಿದ್ದವರ ಕೈಗೇ ಕೊಡುವ ಪತ್ರವಾಗಿ ಬರುತ್ತವೆ. ಆಗ ಗುರುತಿನ ಚೀಟಿಯ ಹೆಸರು, ಲಕೋಟೆಯ ಹೆಸರು ತಾಳೆ ಆಗಬೇಕು. ಮೇಲೆ ಒಂದೇ ಕಾಗುಣಿತ ಅಂತ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ. ಜಪಾನಿಯರು ಸಹಿಯ ಬದಲು ಒತ್ತುವ ಹೆಸರಿನ ಮುದ್ರೆ ನಿಮ್ಮಲ್ಲಿ ಇಲ್ಲ ಅಂತ ಗಾಬರಿ ಬೇಡ, ಸಹಿ ನಡೆಯುತ್ತದೆ.

ಇನ್ನೊಂದು ಎಚ್ಚರ. ‘ನಿಮ್ಮ ಪಾರ್ಸೆಲ್ ಬಂದಿತ್ತು, ಈ ಲಿಂಕ್ ಒತ್ತಿ’ ಅಂತ ಮೆಸೇಜ್ ಬಂದರೆ ಅದು ಮೋಸ. ಜಪಾನ್ ಪೋಸ್ಟ್ ಇಂಥ ವಿಷಯಕ್ಕೆ ಎಸ್‌ಎಂಎಸ್ ಕಳಿಸುವುದಿಲ್ಲ.

ದೇಶದೊಳಗೆ ಕಳಿಸುವಾಗ

ಇದು ಸುಲಭ. 2024ರ ಅಕ್ಟೋಬರ್‌ನಲ್ಲಿ ದರ ಏರಿದ ಮೇಲೆ 50 ಗ್ರಾಂ ತನಕದ ಸಾಮಾನ್ಯ ಪತ್ರಕ್ಕೆ 110 ಯೆನ್, ಕಾರ್ಡಿಗೆ 85 ಯೆನ್. ಕನ್ವೀನಿಯನ್ಸ್ ಅಂಗಡಿಯಲ್ಲೂ ಸ್ಟಾಂಪ್ ಸಿಗುತ್ತದೆ. ಕಾಗದಪತ್ರ ಕಳಿಸುವುದಕ್ಕೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಲೆಟರ್ ಪ್ಯಾಕ್. ಎ4 ಅಳತೆಯ ದಪ್ಪ ಲಕೋಟೆ, ಅಂಚೆ ವೆಚ್ಚ ಅದರಲ್ಲೇ ಸೇರಿದೆ, 4 ಕೆಜಿ ತನಕ ತುಂಬಬಹುದು, ಟ್ರ್ಯಾಕಿಂಗೂ ಇದೆ. 430 ಯೆನ್‌ನದು 3 ಸೆಂಟಿಮೀಟರಿಗಿಂತ ದಪ್ಪ ಇರಬಾರದು, ಡಬ್ಬಿಗೆ ಹಾಕಿ ಹೋಗುತ್ತಾರೆ. 600 ಯೆನ್‌ನದನ್ನು ಕೈಗೆ ಕೊಟ್ಟು ಸಹಿ ತೆಗೆದುಕೊಳ್ಳುತ್ತಾರೆ. ಪಾಸ್‌ಪೋರ್ಟಿನಂಥದ್ದಕ್ಕೆ ಎರಡನೆಯದೇ ಇರಲಿ. ನೋಟು ಮಾತ್ರ ಇದರಲ್ಲಿ ಹಾಕಬಾರದು, ಅದಕ್ಕೆ ‘ಗೆನ್‌ಕಿನ್ ಕಾಕಿತೊಮೆ’ ಅಂತ ಬೇರೆಯೇ ಲಕೋಟೆ ಇದೆ.

ವಾರಾಂತ್ಯದಲ್ಲಿ ಪತ್ರಕ್ಕೆ ಕಾಯಬೇಡಿ. 2021ರ ಅಕ್ಟೋಬರ್‌ನಿಂದ ಶನಿವಾರ ಸಾಮಾನ್ಯ ಪತ್ರಗಳ ಬಟವಾಡೆ ನಿಂತಿದೆ.

ಊರಿಗೆ ಕಳಿಸುವುದು, ಊರಿಂದ ತರಿಸುವುದು

ಪೆಟ್ಟಿಗೆ ಹೊತ್ತುಕೊಂಡು ನೇರ ಕೌಂಟರಿಗೆ ಹೋದರೆ ಆಗುವುದಿಲ್ಲ. ಒಳಗೆ ಏನಿದೆ, ಎಷ್ಟಿದೆ, ಬೆಲೆ ಎಷ್ಟು ಅನ್ನುವ ವಿವರವನ್ನು ಮೊದಲೇ ಆನ್‌ಲೈನ್‌ನಲ್ಲಿ ತುಂಬಿಸಬೇಕು. ಜಪಾನ್ ಪೋಸ್ಟ್‌ನ ‘ಇಂಟರ್‌ನ್ಯಾಷನಲ್ ಮೈಪೇಜ್’ ಅದಕ್ಕೇ ಇದೆ, ಇಂಗ್ಲಿಷಿನಲ್ಲೂ ಸಿಗುತ್ತದೆ. ಫೋನಿನಲ್ಲೇ ತುಂಬಿಸಿ, ಬರುವ ಕೋಡನ್ನು ಅಂಚೆ ಕಚೇರಿಯ ಯಂತ್ರಕ್ಕೆ ತೋರಿಸಿದರೆ ಲೇಬಲ್ ಅಲ್ಲೇ ಪ್ರಿಂಟ್ ಆಗುತ್ತದೆ. ಬರೀ ‘ಬಟ್ಟೆ’, ‘ಗಿಫ್ಟ್’ ಅಂತ ಬರೆಯಬೇಡಿ, ‘ಹತ್ತಿ ಅಂಗಿ, ಎರಡು’ ಅಂತ ಬಿಡಿಸಿ ಬರೆಯಿರಿ. ಊರಿನಲ್ಲಿ ತೆಗೆದುಕೊಳ್ಳುವವರ ಮೊಬೈಲ್ ನಂಬರ್ ತಪ್ಪದೆ ಹಾಕಿ. ಪವರ್ ಬ್ಯಾಂಕ್, ಸೆಂಟು, ನೇಲ್ ಪಾಲಿಶ್, ಸ್ಪ್ರೇ ಡಬ್ಬಿ ವಿಮಾನದ ಅಂಚೆಯಲ್ಲಿ ಹೋಗುವುದಿಲ್ಲ. ನಾನಾದರೆ ದುಡ್ಡು ಜಾಸ್ತಿಯಾದರೂ ಇಎಂಎಸ್ ಅನ್ನುವ ವೇಗದ ವಿದೇಶಿ ಅಂಚೆ ಆರಿಸುತ್ತೇನೆ, ಅದು ಭಾರತದಲ್ಲಿ ಸ್ಪೀಡ್ ಪೋಸ್ಟ್ ಕೈಗೆ ಬರುತ್ತದೆ, ಇಂಡಿಯಾ ಪೋಸ್ಟ್ ಸೈಟಿನಲ್ಲಿ ಅದೇ ನಂಬರ್ ಹಾಕಿ ಮನೆಯವರೂ ನೋಡಬಹುದು. ಗಿಫ್ಟ್ ಅಂದರೆ ಸುಂಕ ಇಲ್ಲ ಅನ್ನುವ ಮಾತು ಈಗ ನಡೆಯುವುದಿಲ್ಲ. 2019ರ ಡಿಸೆಂಬರ್‌ನಲ್ಲಿ ಭಾರತ ಸರ್ಕಾರ ರಾಖಿ ಮತ್ತು ಜೀವ ಉಳಿಸುವ ಔಷಧಿ ಬಿಟ್ಟು ಉಳಿದ ಉಡುಗೊರೆಗಳಿಗೆ ಆ ರಿಯಾಯಿತಿ ತೆಗೆದುಹಾಕಿತು. ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಡಿ.

ಊರಿಂದ ಬರುವ ಪೆಟ್ಟಿಗೆಯಲ್ಲಿ ಹಸಿ ಕರಿಬೇವು, ಮಾವಿನಹಣ್ಣು, ಬಿತ್ತನೆ ಬೀಜ ಬೇಡವೇ ಬೇಡ. ಭಾರತದ ಸಸ್ಯ ತಪಾಸಣೆಯ ಸರ್ಟಿಫಿಕೇಟ್ ಇಲ್ಲದೆ ಜಪಾನ್ ಅದನ್ನು ಒಳಗೆ ಬಿಡುವುದಿಲ್ಲ. ಅಮ್ಮ ಮಾಡಿದ ಸಾರಿನ ಪುಡಿ, ಚಟ್ನಿ ಪುಡಿಗೆ ಈ ತಕರಾರು ಬರುವುದು ಕಡಿಮೆ, ಪೊಟ್ಟಣದ ಮೇಲೆ ಏನು ಅಂತ ಇಂಗ್ಲಿಷಿನಲ್ಲಿ ಬರೆದಿರಲಿ. ಡಾಕ್ಟರ್ ಬರೆದುಕೊಟ್ಟ ಮಾತ್ರೆ ಒಂದು ತಿಂಗಳಿಗೆ ಆಗುವಷ್ಟೇ ತರಿಸಬಹುದು, ಅದಕ್ಕಿಂತ ಜಾಸ್ತಿಯಾದರೆ ಮೊದಲೇ ಅನುಮತಿ ಬೇಕು.

ಅಂಚೆಯವರ ಬ್ಯಾಂಕು

ಯೂಚೊ ಬ್ಯಾಂಕಿನ ಎಟಿಎಂ ಹಳ್ಳಿಯಲ್ಲೂ ಸಿಗುತ್ತದೆ. ಆದರೆ ಬಂದು 6 ತಿಂಗಳಾಗದ, ಅಲ್ಲಿ ಕೆಲಸವೂ ಇಲ್ಲದ ವಿದೇಶಿಯರನ್ನು ವಿದೇಶಿ ವಿನಿಮಯ ಕಾನೂನು ನಿವಾಸಿ ಅಂತ ಎಣಿಸುವುದಿಲ್ಲ, ಹಾಗಾಗಿ ಖಾತೆ ತೆಗೆಯಲು ವಿದ್ಯಾರ್ಥಿಗಳಿಗೆ ಅಡ್ಡಿ ಬರಬಹುದು. ಕಾಲೇಜಿನವರನ್ನು ಜೊತೆಗೆ ಕರೆದುಕೊಂಡು ಹೋಗಿ. ವೀಸಾ ಮುಂದುವರಿದಾಗ ಹೊಸ ರೆಸಿಡೆನ್ಸ್ ಕಾರ್ಡನ್ನು ಬ್ಯಾಂಕಿಗೆ ತೋರಿಸದಿದ್ದರೆ ಖಾತೆಯ ವ್ಯವಹಾರ ನಿಲ್ಲಬಹುದು.

ಮನೆ ಬದಲಿಸುವಾಗ

‘ತೆನ್‌ಕ್ಯೋ ತೊದೊಕೆ’ ಅನ್ನುವ ಫಾರಂ ಕೊಟ್ಟರೆ ಹಳೆ ಮನೆಗೆ ಬಂದ ಪತ್ರಗಳನ್ನು ಹೊಸ ಮನೆಗೆ ಒಂದು ವರ್ಷ ಪುಕ್ಕಟೆ ತಲುಪಿಸುತ್ತಾರೆ. ವರ್ಷ ಎಣಿಸುವುದು ಫಾರಂ ಕೊಟ್ಟ ದಿನದಿಂದ. ನಗರ ಕಚೇರಿಯಲ್ಲಿ ವಿಳಾಸ ಬದಲಿಸಿದರೆ ಅಂಚೆಯವರಿಗೆ ತಾನಾಗಿ ಗೊತ್ತಾಗುವುದಿಲ್ಲ, ಇದನ್ನು ಬೇರೆಯಾಗಿಯೇ ಮಾಡಬೇಕು. ಬ್ಯಾಂಕು ಕಳಿಸುವ ಕಾರ್ಡುಗಳ ಮೇಲೆ ‘ತೆನ್‌ಸೊ ಫುಯೊ’ ಅಂತ, ಅಂದರೆ ಬೇರೆ ಕಡೆಗೆ ಕಳಿಸಬೇಡಿ ಅಂತ ಇರುತ್ತದೆ. ಅವು ಫಾರಂ ಕೊಟ್ಟಿದ್ದರೂ ಹೊಸ ಮನೆಗೆ ಬರುವುದಿಲ್ಲ. ಬ್ಯಾಂಕಿಗೂ ಕಾರ್ಡ್ ಕಂಪನಿಗೂ ಹೊಸ ವಿಳಾಸವನ್ನು ಅದೇ ವಾರ ಕೊಡಿ.

ಜಪಾನ್ ಬಿಟ್ಟು ಊರಿಗೆ ವಾಪಸ್ ಬರುವವರಿಗೆ ಪತ್ರಗಳನ್ನು ಭಾರತಕ್ಕೆ ಕಳಿಸುವ ಸೌಲಭ್ಯ ಈ ಫಾರಂನಲ್ಲಿ ಇಲ್ಲ. ತೆರಿಗೆ ಪತ್ರ, ಪೆನ್ಶನ್ ಕಾಗದ ಆಮೇಲೂ ಬರುತ್ತಿರುತ್ತವೆ. ಅಲ್ಲೇ ಇರುವ ಗೆಳೆಯರೊಬ್ಬರನ್ನು ಕೇಳಿ, ಅವರ ಹೆಸರಿನ ಮುಂದೆ ‘ಸಾಮಾ ಕಾತಾ’ ಸೇರಿಸಿ ಅವರ ಮನೆ ವಿಳಾಸವನ್ನೇ ಹೊಸ ವಿಳಾಸವಾಗಿ ಕೊಡಿ. ಅವರ ಡಬ್ಬಿಯ ಮೇಲೂ ನಿಮ್ಮ ಹೆಸರಿನ ಚೀಟಿ ಅಂಟಿಸಿ ಬನ್ನಿ.