ಪೋಸ್ಟ್‌ಗ್ರೆಸ್‌ಗೆ ಪಾಸ್‌ವರ್ಡ್ ಕಾವಲು: ಮೊದಲು ಯಾವುದು, ಆಮೇಲೆ ಯಾವುದು

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಬಳಕೆದಾರನಿಗೆ ಪಾಸ್‌ವರ್ಡ್ ಇಟ್ಟ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ. ಅದನ್ನು ಕೇಳಬೇಕೋ ಬೇಡವೋ ಎಂದು ತೀರ್ಮಾನಿಸುವುದು ಪಿಜಿ_ಎಚ್‌ಬಿಎ ಎಂಬ ಕಡತ. ಅಲ್ಲಿ 'ಟ್ರಸ್ಟ್' (ಏನೂ ಕೇಳದೆ ಒಳಗೆ ಬಿಡು) ಎಂದಿದ್ದರೆ ಎಷ್ಟು ಉದ್ದದ ಪಾಸ್‌ವರ್ಡ್ ಇದ್ದರೂ ವ್ಯರ್ಥ.

ಆದರೆ ಕೈ ಹಾಕುವ ಕ್ರಮ ಮುಖ್ಯ. ಮೊದಲು ಪಾಸ್‌ವರ್ಡ್ ಎನ್‌ಕ್ರಿಪ್ಷನ್ ಸೆಟ್ಟಿಂಗ್, ಅಂದರೆ ಪಾಸ್‌ವರ್ಡನ್ನು ಯಾವ ವಿಧಾನದಲ್ಲಿ ಗುಪ್ತ ರೂಪಕ್ಕೆ (ಹ್ಯಾಶ್) ತಿರುಗಿಸಿ ಇಡಬೇಕು ಎಂಬುದು, 'ಸ್ಕ್ರ್ಯಾಮ್-ಶಾ-256' ಆಗಿದೆಯೇ ನೋಡಿ. 14ನೇ ಆವೃತ್ತಿಯಿಂದ ಅದೇ ಡೀಫಾಲ್ಟ್. ನಂತರ ಎಲ್ಲರ ಪಾಸ್‌ವರ್ಡ್‌ಗಳನ್ನೂ ಹೊಸದಾಗಿ ಇಡಿ. ಹಳೆಯ ವಿಧಾನವಾದ ಎಂಡಿ5ನ ಹ್ಯಾಶ್ ತಾನಾಗಿ ಬದಲಾಗುವುದಿಲ್ಲ. ಈ ಹೆಜ್ಜೆ ಬಿಟ್ಟು ಕಡತದಲ್ಲಿ 'ಸ್ಕ್ರ್ಯಾಮ್-ಶಾ-256' ಎಂದು ತಿದ್ದಿದರೆ, ಹಳೆಯ ಹ್ಯಾಶ್ ಇರುವವರು ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಲಾಗಿನ್ ಆಗದು. ಪೋಸ್ಟ್‌ಗ್ರೆಸ್‌ಗೆ ಆದೇಶ ಕೊಡುವ ಸಾಧನವಾದ ಪಿ-ಎಸ್‌ಕ್ಯೂಎಲ್ ಒಳಗಿನ ಪಾಸ್‌ವರ್ಡ್ ಆದೇಶವನ್ನೇ ಬಳಸಿ: ಅದು ನಿಮ್ಮ ಕಡೆಯಲ್ಲೇ ಹ್ಯಾಶ್ ಮಾಡಿ ಕಳಿಸುತ್ತದೆ. 'ಆಲ್ಟರ್ ರೋಲ್' ಎಂಬ ಎಸ್‌ಕ್ಯೂಎಲ್ ಆದೇಶದಲ್ಲಿ ಪಾಸ್‌ವರ್ಡನ್ನು ನೇರವಾಗಿ ಬರೆದರೆ ಪಾಸ್‌ವರ್ಡ್ ಬರಿಗಣ್ಣಿಗೆ ಕಾಣುವಂತೆ ಲಾಗ್‌ನಲ್ಲಿ ಉಳಿಯಬಹುದು.

ಈಗ ಕಡತ. ಸಾಲುಗಳನ್ನು ಮೇಲಿನಿಂದ ಕೆಳಗೆ ಓದಲಾಗುತ್ತದೆ, ಹೊಂದುವ ಮೊದಲ ಸಾಲೇ ಅಂತಿಮ. ಅದು ತಿರಸ್ಕರಿಸಿದರೆ ಮುಂದಿನದನ್ನು ನೋಡುವುದೇ ಇಲ್ಲ. ಹಾಗಾಗಿ ಮೇಲೆಲ್ಲೋ ಉಳಿದ ಒಂದು ಸಡಿಲ 'ಟ್ರಸ್ಟ್' ಸಾಲು ಕೆಳಗಿನ ಬಿಗಿ ನಿಯಮಗಳನ್ನೆಲ್ಲ ನುಂಗಿಬಿಡುತ್ತದೆ. ಹೊರಗಿನಿಂದ ಬರುವವರಿಗೆ 'ಹೋಸ್ಟ್' ಬದಲು 'ಹೋಸ್ಟ್‌ಎಸ್‌ಎಸ್‌ಎಲ್' (ಎನ್‌ಕ್ರಿಪ್ಟ್ ಆದ ಸಂಪರ್ಕಕ್ಕೆ ಮಾತ್ರ ಹೊಂದುವುದು) ಬರೆಯಿರಿ, ವಿಳಾಸವಾಗಿ ಬೇಕಾದ ಐಪಿ ವ್ಯಾಪ್ತಿಯನ್ನಷ್ಟೇ ಕೊಡಿ. ಎಲ್ಲ ಐಪಿವಿ4 ವಿಳಾಸಕ್ಕೂ ಹೊಂದುವ 0.0.0.0/0 ಸೋಮಾರಿತನದ ಗುರುತು.

ಬದಲಾವಣೆ ಜಾರಿಗೆ ರೀಲೋಡ್ ಸಾಕು, ರೀಸ್ಟಾರ್ಟ್ ಬೇಡ. ಈಗಾಗಲೇ ಒಳಗಿರುವ ಸಂಪರ್ಕಗಳು ಕಡಿದುಹೋಗುವುದಿಲ್ಲ. ಆದ್ದರಿಂದ ಒಂದು ಅಡ್ಮಿನ್ ಸೆಷನ್ ತೆರೆದಿಟ್ಟುಕೊಂಡೇ ಇನ್ನೊಂದು ಟರ್ಮಿನಲ್‌ನಿಂದ ಲಾಗಿನ್ ಪರೀಕ್ಷಿಸಿ.