ಹೆಂಚಿನ ಮನೆಯ ಅಟ್ಟದಲ್ಲಿ ಹ್ಯಾಮ್ ಆಂಟೆನಾ

ಮಳೆಗಾಲ ಹತ್ತಿರ ಬಂತೆಂದರೆ ಮಲೆನಾಡಿನ ಹ್ಯಾಮ್‌ಗಳಿಗೆ, ಅಂದರೆ ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವರಿಗೆ, ಆಂಟೆನಾದ್ದೇ ಚಿಂತೆ. ಅಂಗಳದಲ್ಲಿ ಕಟ್ಟಿದ ತಂತಿಯನ್ನು ಗಾಳಿ ಹರಿಯದಿದ್ದರೆ ಮಂಗಗಳು ಜಗ್ಗಿ ಹರಿಯುತ್ತವೆ. ಹೆಂಚಿನ ಮನೆಯಿದ್ದರೆ ಅಟ್ಟವನ್ನೇ ಬಳಸಬಹುದು. ಸುಟ್ಟ ಮಣ್ಣಿನ ಹೆಂಚು ರೇಡಿಯೊ ಅಲೆಗಳಿಗೆ ಅಷ್ಟಾಗಿ ಅಡ್ಡ ಬರುವುದಿಲ್ಲ. ಆದರೆ ಸೋರದಿರಲೆಂದು ಹೆಂಚಿನಡಿ ತಗಡು ಹೊದೆಸಿದ್ದರೆ ಈ ಯೋಚನೆ ಬಿಡಿ. ಆರ್‌ಸಿಸಿ ತಾರಸಿಯೊಳಗಿನ ಕಬ್ಬಿಣದ ಜಾಲದ್ದೂ ಅದೇ ತೊಂದರೆ. ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಕೈಗೆ ಬಂದ ಮೇಲೆಯೇ ಪ್ರಸಾರ. ಈ ಮಾತಿನಲ್ಲಿ ರಿಯಾಯಿತಿ ಇಲ್ಲ.

ಉದ್ದ ಎಷ್ಟು?

ಮೊದಲ ಸಲಕ್ಕೆ 20 ಮೀಟರ್ ಬ್ಯಾಂಡಿನ (ಸುಮಾರು ಅಷ್ಟು ಉದ್ದದ ಅಲೆಗಳ ಪಟ್ಟಿ) ಡೈಪೋಲ್ ಕಟ್ಟಿ. ಡೈಪೋಲ್ ಎಂದರೆ ನಡುವಿಗೆ ಕೇಬಲ್ ಜೋಡಿಸಿದ, ಎರಡು ಸಮ ಬದಿಗಳ ತಂತಿ. 143ನ್ನು ಮೆಗಾಹರ್ಟ್ಸ್‌ನಲ್ಲಿರುವ ಆವರ್ತನದಿಂದ ಭಾಗಿಸಿದರೆ ಮೀಟರಿನಲ್ಲಿ ಒಟ್ಟು ಉದ್ದ ಸಿಗುತ್ತದೆ. 14.2ಕ್ಕೆ ಸುಮಾರು 10 ಮೀಟರ್, ಅಂದರೆ ಬದಿಗೆ 5. 40 ಮೀಟರ್ ಬ್ಯಾಂಡಿನ 7.1ಕ್ಕೆ 20 ಮೀಟರ್ ಬೇಕು, ತುದಿಗಳನ್ನು ಬಗ್ಗಿಸಬೇಕಾದೀತು. ಅಲೆ ಹೊರಡುವುದು ಹೆಚ್ಚಾಗಿ ನಡುಭಾಗದಿಂದ, ಹಾಗಾಗಿ ತುದಿ ಬಗ್ಗಿದರೆ ದೊಡ್ಡ ನಷ್ಟವಿಲ್ಲ. ಅದೇ ತಂತಿಯ ಮಗ್ಗುಲಿಗೆ ಮಾತ್ರ ಮಡಚಬೇಡಿ. ಅಟ್ಟ ತಗ್ಗು ಎಂಬ ಬೇಸರವೂ ಬೇಡ. 7 ಮೆಗಾಹರ್ಟ್ಸ್‌ನಲ್ಲಿ ತಗ್ಗಿನ ಆಂಟೆನಾ ಅಲೆಯನ್ನು ನೆಟ್ಟಗೆ ಮೇಲಕ್ಕೆ ಕಳಿಸುತ್ತದೆ, ಅದು ಅಯಾನುಗೋಳದಿಂದ (ವಾತಾವರಣದ ಮೇಲಿನ, ವಿದ್ಯುದಂಶವಿರುವ ಪದರ) ಮರಳಿ ಸುತ್ತಲಿನ 300–400 ಕಿಲೊಮೀಟರಿಗೆ ಇಳಿಯುತ್ತದೆ. ಹಗಲು ಹೊತ್ತು ಸಾಗರದಿಂದ ಬೆಂಗಳೂರಿಗೆ ಮಾತಾಡಲು ಬೇಕಾದದ್ದು ಇದೇ.

ಕಟ್ಟುವ ಮೊದಲು ಗುಡಿಸಿ

ಈ ಕೆಲಸವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಅಡಿಕೆ ಹಾಳೆ, ತೆಂಗಿನ ಸಿಪ್ಪೆ, ಹಳೆ ಗೋಣಿ, ಜೇಡರ ಬಲೆ, ಇವು ಯಾವುದೂ ತಂತಿಯ ತುದಿ ಬರುವಲ್ಲಿ ಇರಕೂಡದು. ಡೈಪೋಲಿನ ತುದಿಯಲ್ಲಿ ಕರೆಂಟ್ ಕಡಿಮೆ, ವೋಲ್ಟೇಜ್ ಹೆಚ್ಚು. 100 ವಾಟ್ ಕೊಟ್ಟರೆ ಅಲ್ಲಿ ನೂರಾರು ವೋಲ್ಟ್ ಇರುತ್ತದೆ. ಧೂಳು ಹಿಡಿದ ತೇವದ ಮರಕ್ಕೆ ತುದಿ ತಾಗಿದರೆ ಕಿಡಿ ಹಾರಿ ಮರ ಕರಕಲಾಗಬಹುದು. ಪ್ರಸಾರದ ಹೊತ್ತಿಗೆ ಕೈ ಮುಟ್ಟಿದರೆ ಆಗುವ ಸುಟ್ಟಗಾಯ ಚರ್ಮದ ಒಳಕ್ಕೆ ಇಳಿಯುತ್ತದೆ.

ಮನೆ ವೈರಿಂಗಿನ 1.5 ಚದರ ಮಿಲಿಮೀಟರ್ ತಾಮ್ರದ ವೈರ್ ಸಾಕು. ಬದಿಗೆ 5.3 ಮೀಟರ್ ಇಟ್ಟು ಕತ್ತರಿಸಿ. ಆಮೇಲೆ ಕಡಿಮೆ ಮಾಡುವುದು ಸುಲಭ, ಸೇರಿಸುವುದು ರಗಳೆ. ಅಟ್ಟದ ಲೈಟಿನ ಎಂಸಿಬಿ ಇಳಿಸಿ, ಕಾಲನ್ನು ತೊಲೆಯ ಮೇಲಷ್ಟೇ ಇಡಿ. ತುದಿಗೆ ಇನ್ಸುಲೇಟರ್ ಹಾಕಿ, ನೈಲಾನ್ ಹಗ್ಗದಿಂದ ಪಕಾಸಿಗೆ ಕಟ್ಟಿ. ತುದಿ ಮರದಿಂದ ಒಂದು ಗೇಣಾದರೂ ದೂರವಿರಲಿ, ಮೊಳೆಗೆ ಸುತ್ತುವುದು ಬೇಡವೇ ಬೇಡ. ಕರೆಂಟ್ ವೈರಿನ ಜೊತೆಜೊತೆಗೆ ಓಡಿಸಿದರೆ ಇನ್ವರ್ಟರ್, ಎಲ್‌ಇಡಿ ಬಲ್ಬುಗಳ ಗದ್ದಲವೆಲ್ಲ ರಿಸೀವರಿಗೆ ಬರುತ್ತದೆ. ದಾಟಲೇಬೇಕಾದರೆ ಅಡ್ಡಲಾಗಿ ದಾಟಿಸಿ.

ನಡುವಿಗೆ ಕೋಆಕ್ಸ್ ಕೇಬಲ್ (ಟಿವಿ ಕೇಬಲಿನಂತೆ ಒಳಗೊಂದು ತಂತಿ, ಸುತ್ತ ಲೋಹದ ಕವಚ) ಜೋಡಿಸುವಲ್ಲಿ ದೊಡ್ಡ ಫೆರೈಟ್ (ಕಾಂತೀಯ ವಸ್ತು) ಉಂಗುರದೊಳಗೆ ಅದೇ ಕೇಬಲನ್ನು 10–12 ಸುತ್ತು ಸುತ್ತಿ. ಇಲ್ಲವಾದರೆ ಕೇಬಲಿನ ಹೊರಕವಚವೂ ಆಂಟೆನಾ ಆಗಿಬಿಡುತ್ತದೆ. ಮೈಕ್ ತುಟಿಗೆ ಚುರುಕ್ ಎನ್ನುತ್ತದೆ, ಟಿವಿ ಗೊರಗುಡುತ್ತದೆ.

ಹೊಂದಿಸುವುದು

10 ವಾಟ್ ಮೀರದೆ ಎಸ್‌ಡಬ್ಲ್ಯೂಆರ್ ನೋಡಿ. ಆಂಟೆನಾ ಕೇಬಲಿಗೆ ಎಷ್ಟು ಹೊಂದಿದೆ ಎಂದು ತೋರಿಸುವ ಅಳತೆ ಇದು, 1ಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು. ಅತಿ ಕಡಿಮೆ ಅಳತೆ 14.2 ಮೆಗಾಹರ್ಟ್ಸ್‌ಗಿಂತ ಕೆಳಗೆ ಸಿಕ್ಕರೆ ತಂತಿ ಉದ್ದವಾಗಿದೆ ಎಂದರ್ಥ. ಎರಡೂ ಬದಿ ಸಮನಾಗಿ, ಮೊದಲು 5 ಸೆಂಟಿಮೀಟರ್, ಹತ್ತಿರ ಬಂದಂತೆ ಒಂದೊಂದೇ ಸೆಂಟಿಮೀಟರ್ ಕತ್ತರಿಸಿ. ಹೆಂಚು ನೆನೆದಾಗ ಈ ಬಿಂದು ಕೆಳಕ್ಕೆ ಜಾರುತ್ತದೆ, ಹಾಗಾಗಿ ಜಡಿಮಳೆಯ ದಿನವೂ ಒಮ್ಮೆ ಅಳೆಯಿರಿ. ಆಗಲೂ ಎಸ್‌ಡಬ್ಲ್ಯೂಆರ್ 2ರ ಒಳಗಿದ್ದರೆ ಸಾಕು.

ಕೆಳಗೆ ಮನೆಮಂದಿ ಇದ್ದಾರೆ

ಹೊರಗಿನ ಆಂಟೆನಾಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ತಂತಿಯ ನಡುಭಾಗವಾಗಲಿ ತುದಿಯಾಗಲಿ ಮಂಚದ ನೇರ ಮೇಲೆ ಬಾರದಂತೆ ಮೊದಲೇ ಯೋಚಿಸಿ. ನನ್ನ ಅಭಿಪ್ರಾಯದಲ್ಲಿ ಅಟ್ಟದಿಂದ 25 ವಾಟಿಗಿಂತ ಹೆಚ್ಚು ಬೇಡ. ಕೆಳಗೆ ಮಕ್ಕಳು ಮಲಗುವ ಕೋಣೆಯಿದ್ದರೆ 10 ಸಾಕು. ಮಾತಿನ ಪ್ರಸಾರದಲ್ಲಿ ಶಕ್ತಿ ಏರಿಳಿಯುತ್ತದೆ. ಕಂಪ್ಯೂಟರಿನಿಂದ ಚಿಕ್ಕ ಸಂದೇಶ ಕಳಿಸುವ ಎಫ್‌ಟಿ8ರಲ್ಲಿ ಹಾಗಲ್ಲ, ನಿಮ್ಮ ಸರದಿಯ 12 ಸೆಕೆಂಡಿಗೂ ಹೆಚ್ಚು ಹೊತ್ತು ಪೂರ್ತಿ ಶಕ್ತಿ ಹೋಗುತ್ತಲೇ ಇರುತ್ತದೆ. ಅಲ್ಲಿ ಇನ್ನೂ ಇಳಿಸಿ.

ಮಾಡಿನೊಳಗಿದ್ದ ಮಾತ್ರಕ್ಕೆ ಸಿಡಿಲಿನಿಂದ ರಕ್ಷಣೆ ಸಿಗುವುದಿಲ್ಲ. ಮೋಡ ಕಟ್ಟುವಾಗಲೇ ಕೇಬಲ್ ಕಳಚಿ ರಿಗ್ಗಿನಿಂದ (ರೇಡಿಯೊ ಸೆಟ್ಟಿನಿಂದ) ದೂರ ಇಡಿ, ಪವರ್ ಪ್ಲಗ್ಗನ್ನೂ ಕೀಳಿ. ಗುಡುಗು ಶುರುವಾದ ಮೇಲೆ ಕೇಬಲ್ ಮುಟ್ಟಬೇಡಿ.

ಏಣಿಯ ಬಳಿ ದೊಡ್ಡ ಅಕ್ಷರದಲ್ಲಿ ‘ಆಂಟೆನಾ ಇದೆ, ಮುಟ್ಟಬೇಡಿ’ ಎಂದು ಬರೆದು ಹಚ್ಚಿ. ಹೆಂಚು ಕೈಯಾಡಿಸಲು ಯಾರಾದರೂ ಹತ್ತುವುದಾದರೆ ಕೇಬಲನ್ನು ನೀವೇ ಕಳಚಿ, ಅವರು ಇಳಿಯುವ ತನಕ ಅದರ ತುದಿ ನಿಮ್ಮ ಬಳಿಯೇ ಇರಲಿ.