ಬಾಟಲಿಗೆ ಪೇಪರ್ ಸುತ್ತಿ, ಆಮೇಲೆ ವೈನ್ ರುಚಿ ನೋಡಿ

ಕರ್ನಾಟಕದ ಯಾವ ಪೇಟೆಗೆ ಹೋದರೂ ‘ವೈನ್ಸ್’ ಎಂಬ ಫಲಕ ಕಾಣುತ್ತದೆ. ಒಳಗೆ ಹೋಗಿ ವೈನ್ ಕೇಳಿದರೆ ಮಾತ್ರ ಅಂಗಡಿಯವರು ಒಮ್ಮೆ ನಿಮ್ಮ ಮುಖ ನೋಡಿ, ಮೇಲಿನ ಅಟ್ಟದಿಂದ ದೂಳು ಹಿಡಿದ ಬಾಟಲಿಯೊಂದನ್ನು ಇಳಿಸುತ್ತಾರೆ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಹಾಗಿಲ್ಲ. ನಂದಿ ಬೆಟ್ಟದ ಸೀಮೆಯದು, ನಾಸಿಕದ್ದು, ಫ್ರಾನ್ಸಿನದು ಸಾಲಾಗಿ ನಿಂತಿರುತ್ತವೆ. ಅಷ್ಟು ದುಡ್ಡು ಕೊಟ್ಟು ತಂದದ್ದರಲ್ಲಿ ಏನಿದೆ ಎಂದು ತಿಳಿಯುವ ಬಗೆ ಹೇಗೆ? ಒಂದೇ ವೈನನ್ನು ಎದುರಿಗಿಟ್ಟುಕೊಂಡು ಎಷ್ಟು ಧ್ಯಾನಿಸಿದರೂ ಹೊಸಬರಿಗೆ ಹೆಚ್ಚೇನೂ ದಕ್ಕುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಎರಡನ್ನು ಅಕ್ಕಪಕ್ಕ ಇಡಬೇಕು. ಯಾವುದು ಯಾವುದೆಂದು ಗೊತ್ತಿರಬಾರದು.

ಲೇಬಲ್ ಕಂಡ ಕೂಡಲೇ ನಾಲಿಗೆ ಅದರ ಮಾತು ಕೇಳತೊಡಗುತ್ತದೆ. 1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಬ್ರಿಟಿಷ್ ವೈನ್ ವ್ಯಾಪಾರಿ ಹೆಸರು ಮುಚ್ಚಿ ರುಚಿ ನೋಡಿಸಿದಾಗ ಫ್ರೆಂಚ್ ತೀರ್ಪುಗಾರರೇ ಬಿಳಿ, ಕೆಂಪು ಎರಡರಲ್ಲೂ ಕ್ಯಾಲಿಫೋರ್ನಿಯಾಕ್ಕೆ ಮೊದಲ ಸ್ಥಾನ ಕೊಟ್ಟರು. ಇನ್ನೂ ಮಜವಾದದ್ದು ಫ್ರಾನ್ಸಿನ ಬೋರ್ಡೊದ ಪ್ರಯೋಗ. ವೈನ್ ತಯಾರಿಕೆ ಕಲಿಯುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಬಣ್ಣಿಸಿದರು. 2001ರಲ್ಲಿ ಪ್ರಕಟವಾದ ಈ ಅಧ್ಯಯನ ಹೊಸಬರಿಗೆ ಧೈರ್ಯ ಕೊಡುವಂಥದ್ದು.

ಮೊದಲ ಜೋಡಿ

ಬಿಳಿಯಿಂದ ಆರಂಭಿಸುವುದು ಸುಲಭ. ಒಂದೇ ಕಂಪನಿಯ, ಒಂದೇ ವರ್ಷದ ಸೋವಿನ್ಯೋಂ ಬ್ಲಾಂಕ್ ಮತ್ತು ಶೆನಿನ್ ಬ್ಲಾಂಕ್ ತನ್ನಿ. ನಾಸಿಕದ ಸುಲಾ 2000ದಲ್ಲಿ ಮಾರುಕಟ್ಟೆಗೆ ಕಾಲಿಟ್ಟದ್ದೇ ಈ ಎರಡು ದ್ರಾಕ್ಷಿಗಳ ವೈನಿನೊಂದಿಗೆ. ಕೆಂಪಿಗೆ ಹೋಗುವಾಗ ದೊಡ್ಡಬಳ್ಳಾಪುರದ ಬಳಿ ಕನ್ವಲ್ ಗ್ರೋವರ್ ಬೆಳೆಸಿದ ತೋಟದ ‘ಲಾ ರಿಸರ್ವ್’ ಒಳ್ಳೆಯ ಆಯ್ಕೆ. ಅದು ಕ್ಯಾಬರ್ನೆ ಸೋವಿನ್ಯೋಂ ಮತ್ತು ಶಿರಾಜ್ ದ್ರಾಕ್ಷಿಗಳ ಮಿಶ್ರಣ. ಅದರ ಪಕ್ಕಕ್ಕೆ ಬರೀ ಶಿರಾಜ್‌ನ ಬಾಟಲಿಯೊಂದನ್ನು ಇಡಿ.

ಬಾಟಲಿಗಳಿಗೆ ಪೇಪರ್ ಸುತ್ತಿ ಒಂದು, ಎರಡು ಎಂದು ಬರೆಯಿರಿ. ನಮ್ಮ ಅಂಗಡಿಗಳಲ್ಲಿ ಬೀದಿಯವರ ಕಣ್ಣು ತಪ್ಪಿಸಲು ಹೇಗೂ ಸುತ್ತಿಯೇ ಕೊಡುತ್ತಾರೆ. ಆ ಸಂಕೋಚ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸುತ್ತುವವರು ಒಬ್ಬರು, ಸಂಖ್ಯೆ ಹಾಕುವವರು ಇನ್ನೊಬ್ಬರು ಆಗಿರಲಿ.

ತಂಪು, ಲೋಟ

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ಯುರೋಪಿನ ಹಳೆಯ ತಣ್ಣನೆಯ ಮನೆಗಳದ್ದು. ಏಪ್ರಿಲ್‌ನ ಬೆಂಗಳೂರಿನಲ್ಲಿ, ಇನ್ನು ಕಲಬುರಗಿಯಲ್ಲಂತೂ, ಆ ಮಾತು ಕೇಳಿದರೆ ಆಲ್ಕೋಹಾಲ್‌ನ ಘಾಟು ಮಾತ್ರ ಮೂಗಿಗೆ ಬಡಿಯುತ್ತದೆ. ಕೆಂಪನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. 16–18 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ. ಬಿಳಿಗೆ 8–12 ಡಿಗ್ರಿ. ಇನ್ನೂ ತಣ್ಣಗಾದರೆ ಪರಿಮಳ ಮುದುಡುತ್ತದೆ. ಕೆಟ್ಟ ವೈನನ್ನು ಸಾಗಹಾಕುವ ದಾರಿಯೂ ಅದೇ ಎನ್ನಿ.

ಲೋಟ ಗಾಜಿನದಾಗಿರಲಿ, ಬಾಯಿ ಹೊಟ್ಟೆಗಿಂತ ಕಿರಿದಾಗಿರಲಿ. ರುಚಿ ನೋಡಲು 50 ಮಿ.ಲೀ. ಧಾರಾಳ. ಎಲ್ಲರ ಲೋಟಗಳೂ ಒಂದೇ ತರಹದವು ಇರಬೇಕು.

ಕಣ್ಣು ಬೇಗ, ಮೂಗು ನಿಧಾನ

ಬಿಳಿ ಹಾಳೆಯ ಮೇಲೆ ಲೋಟವನ್ನು ಓರೆ ಮಾಡಿ ಅಂಚು ನೋಡಿ. ವಯಸ್ಸಾದಂತೆ ಕೆಂಪು ವೈನ್ ನೇರಳೆಯಿಂದ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಬಿಳಿ ವೈನ್ ಗಾಢವಾಗುತ್ತದೆ. ಗಾಜಿನ ಒಳಗೋಡೆಯಲ್ಲಿ ಇಳಿಯುವ ಗೆರೆಗಳನ್ನು ಗುಣಮಟ್ಟದ ಗುರುತೆಂದು ಹೇಳುವವರಿದ್ದಾರೆ. ಆ ಗೆರೆಗಳಿಗೆ ಮುಖ್ಯ ಕಾರಣ ಆಲ್ಕೋಹಾಲ್. ಕಣ್ಣಿನ ಕೆಲಸ ಇಷ್ಟಕ್ಕೇ ಮುಗಿಯಿತು.

ಮೊದಲು ಲೋಟವನ್ನು ಅಲುಗಿಸದೆ ಮೂಸಿ. ಬಳಿಕ ಮೇಜಿನ ಮೇಲೆಯೇ ಇಟ್ಟು ವೃತ್ತಾಕಾರವಾಗಿ ತಿರುಗಿಸಿ ಮತ್ತೆ ಮೂಸಿ. ಗಾಳಿ ಬೆರೆತು ಪರಿಮಳ ಏಳುತ್ತದೆ. ಒದ್ದೆ ರಟ್ಟಿನ, ಮುಗ್ಗಲು ಹಿಡಿದ ವಾಸನೆ ಬಂದರೆ ಬಿರಡೆಯ ದೋಷವಿರಬಹುದು, ಆ ಬಾಟಲಿಯನ್ನು ಪಕ್ಕಕ್ಕಿಡಿ. ಸೋವಿನ್ಯೋಂ ಬ್ಲಾಂಕ್‌ನಲ್ಲಿ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಸಿಗಬಹುದು. ಇದರಲ್ಲಿ ಕವಿಕಲ್ಪನೆ ಏನೂ ಇಲ್ಲ, ದೊಣ್ಣೆಮೆಣಸಿನಕಾಯಿಯಲ್ಲಿರುವ ಪೈರಜೀನ್ ಎಂಬ ರಾಸಾಯನಿಕ ಈ ದ್ರಾಕ್ಷಿಯಲ್ಲೂ ಇದೆ. ಶಿರಾಜ್‌ನಲ್ಲಿ ಕಾಳುಮೆಣಸು ಕಂಡರೆ ಅದು ರೊಟಂಡೋನ್, ನಿಜವಾದ ಕಾಳುಮೆಣಸಿನದೇ ವಸ್ತು. ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ಅದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಪಕ್ಕದವರಿಗೆ ಸಿಕ್ಕಿದ್ದು ನಿಮಗೆ ಸಿಗದಿದ್ದರೆ ಸುಮ್ಮನೆ ತಲೆಯಾಡಿಸುವ ಅಗತ್ಯವಿಲ್ಲ.

ದೇವನಹಳ್ಳಿ, ಚಿಕ್ಕಬಳ್ಳಾಪುರದ ಬೆಂಗಳೂರು ಬ್ಲೂ ದ್ರಾಕ್ಷಿ ತಿಂದು ಬೆಳೆದವರಿಗೆ, ಕ್ರಿಸ್‌ಮಸ್‌ಗೆ ಮನೆಯಲ್ಲಿ ಅದರಿಂದ ವೈನ್ ಮಾಡುವವರಿಗೆ, ಇಲ್ಲಿ ಏನೋ ಕೊರತೆ ಅನ್ನಿಸೀತು. ಅದು ಅಮೆರಿಕ ಮೂಲದ ಲಾಬ್ರುಸ್ಕಾ ವಂಶದ ಹಣ್ಣು, ಅದರ ಘಮವೇ ಬೇರೆ. ಕ್ಯಾಬರ್ನೆ, ಶಿರಾಜ್ ದ್ರಾಕ್ಷಿಗಳಿಂದ ಆ ಘಮವನ್ನು ನಿರೀಕ್ಷಿಸಬಾರದು.

ಬಾಯಿಯಲ್ಲಿ ನಾಲ್ಕು ಪ್ರಶ್ನೆ

ಒಂದು ಗುಟುಕು ತೆಗೆದುಕೊಂಡು ಬಾಯಿಯ ತುಂಬ ಆಡಿಸಿ. ಸಿಹಿಗೆ ನಾಲಿಗೆಯ ತುದಿ, ಹುಳಿಗೆ ಬದಿ ಎಂಬ ಶಾಲೆಯ ನಕ್ಷೆ ತಪ್ಪು. ಎಲ್ಲ ರುಚಿಯೂ ನಾಲಿಗೆಯ ಎಲ್ಲ ಕಡೆ ಗೊತ್ತಾಗುತ್ತದೆ. ಪ್ರಶ್ನೆಗಳು ಇವು: ಸಿಹಿ ಇದೆಯೇ? ಹುಳಿ ಎಷ್ಟು? ನುಂಗಿದ ಅಥವಾ ಉಗುಳಿದ ಮೇಲೆ ಬಾಯಲ್ಲಿ ನೀರೂರುತ್ತಿದ್ದರೆ ಹುಳಿ ಜೋರಾಗಿದೆ ಎಂದರ್ಥ. ಒಗರು ಎಷ್ಟು? ಕೆಂಪು ವೈನಿನ ಟ್ಯಾನಿನ್ ನೇರಳೆ ಹಣ್ಣಿನಂತೆ ವಸಡು, ನಾಲಿಗೆಗಳನ್ನು ಬಿಗಿಹಿಡಿಯುತ್ತದೆ, ಏಕೆಂದರೆ ಅದು ಜೊಲ್ಲಿನ ಪ್ರೋಟೀನ್‌ಗೆ ಅಂಟಿಕೊಳ್ಳುತ್ತದೆ. ಕೊನೆಯದು, ಗಂಟಲಲ್ಲಿ ಬಿಸಿ ಎಷ್ಟು? ಅದು ಆಲ್ಕೋಹಾಲ್.

ಈ ನಾಲ್ಕರಲ್ಲಿ ಯಾವುದೂ ಉಳಿದವನ್ನು ತುಳಿಯದಿದ್ದರೆ ವೈನ್ ಹದವಾಗಿದೆ ಎನ್ನುತ್ತಾರೆ. ನಾನು ಇದಕ್ಕಿಂತ ಹೆಚ್ಚು ಬೆಲೆ ಕೊಡುವುದು ರುಚಿಯ ಉಳಿಕೆಗೆ. ಬಾಯಿ ಖಾಲಿಯಾದ ಮೇಲೆ ಹಣ್ಣಿನ ಪರಿಮಳ ಎಷ್ಟು ಹೊತ್ತು ನಿಲ್ಲುತ್ತದೆಂದು ಮನಸ್ಸಿನಲ್ಲೇ ಎಣಿಸಿ. ಫ್ರೆಂಚರು ಈ ಒಂದೊಂದು ಸೆಕೆಂಡನ್ನೂ ಒಂದು ಕೊಡಾಲಿ ಎಂದು ಲೆಕ್ಕ ಹಾಕುತ್ತಾರೆ. ಸಾಧಾರಣ ವೈನ್ ಮೂರು ನಾಲ್ಕಕ್ಕೆ ಜಾರಿಹೋಗುತ್ತದೆ. ಎರಡು ಲೋಟಗಳ ನಡುವಿನ ವ್ಯತ್ಯಾಸ ಇಲ್ಲೇ ಎದ್ದು ಕಾಣುವುದು.

ಉಗುಳಲು ಒಂದು ಪಾತ್ರೆ ಇಟ್ಟುಕೊಳ್ಳಿ, ನಾಚಿಕೊಳ್ಳಬೇಡಿ. ತಜ್ಞರೆಲ್ಲ ಉಗುಳುತ್ತಾರೆ, ಇಲ್ಲದಿದ್ದರೆ ನಾಲ್ಕನೆಯ ಲೋಟದ ಹೊತ್ತಿಗೆ ಎಲ್ಲವೂ ಉತ್ತಮ ವೈನೇ. ನಡುನಡುವೆ ನೀರು, ಉಪ್ಪಿಲ್ಲದ ಬ್ರೆಡ್ ಸಾಕು. ಖಾರದ ಚಕ್ಕುಲಿ, ಚಿಕನ್ ಕಬಾಬ್ ಬೇಡ: ಮೆಣಸಿನ ಖಾರ ಆಲ್ಕೋಹಾಲ್‌ನ ಬಿಸಿಯನ್ನು ಹೆಚ್ಚಿಸುತ್ತದೆ. ಊಟದ ಜೊತೆ ಕುಡಿಯುವುದಾದರೆ ಖಾರಕ್ಕೆ ತುಸು ಸಿಹಿಯಿರುವ ಶೆನಿನ್ ಬ್ಲಾಂಕ್ ಹೊಂದುತ್ತದೆ.

ಯಾರೂ ಬಾಯಿ ಬಿಡುವ ಮೊದಲು ಎಲ್ಲರೂ ಬರೆದಿಡಬೇಕು. ಮೊದಲು ಮಾತಾಡಿದವರಿಗೆ ಹೂವಿನ ವಾಸನೆ ಬಂದರೆ ಮೇಜಿನ ಸುತ್ತ ಎಲ್ಲರಿಗೂ ಹೂವಿನ ವಾಸನೆಯೇ ಬರುತ್ತದೆ. ಆಮೇಲೆ ಒಂದು ಪರೀಕ್ಷೆ: ಮೂರು ಲೋಟಗಳಲ್ಲಿ ಎರಡಕ್ಕೆ ಒಂದೇ ವೈನ್, ಮೂರನೆಯದಕ್ಕೆ ಇನ್ನೊಂದು. ಬೇರೆಯಾಗಿರುವುದು ಯಾವುದು? ಊಹೆಯಿಂದಲೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಆದ್ದರಿಂದ ಹಲವು ಸಲ ಮಾಡಬೇಕು. ಪೇಪರ್ ಬಿಚ್ಚುವುದು ಇದೆಲ್ಲ ಮುಗಿದ ಮೇಲೆ.

ಉಳಿದ ವೈನಿಗೆ ಬಿರಡೆ ಹಾಕಿ, ಕೆಂಪಾದರೂ ಸರಿ, ಫ್ರಿಜ್ಜಿನಲ್ಲಿಡಿ. ಎರಡು ಮೂರು ದಿನ ಇರುತ್ತದೆ. ಮರುದಿನ ಅದೇ ಚೀಟಿ ಹಿಡಿದು ಮತ್ತೊಮ್ಮೆ ರುಚಿ ನೋಡಿ. ಬಿಗಿಯಾದ ಕೆಲವು ಕೆಂಪು ವೈನ್‌ಗಳು ಗಾಳಿ ತಾಗಿ ಅಷ್ಟರಲ್ಲಿ ಮೃದುವಾಗಿರುತ್ತವೆ.